ಕ್ರೋಶಾದಲ್ಲಿ ಮೊದಲು ಎಣಿಕೆ, ಆಮೇಲೆ ತೋರಣ

ಗಂಗಾವತಿಯ ಹೊಲಿಗೆ ತರಗತಿಯೊಂದರಲ್ಲಿ ಕ್ರೋಶಾ, ಅಂದರೆ ಕೊಕ್ಕೆ ಸೂಜಿಯಿಂದ ದಾರ ಹೆಣೆಯುವುದನ್ನು, ಕಲಿಸುವುದು ನನ್ನ ಕೆಲಸ. ಬರುವವರಲ್ಲಿ ಹೆಚ್ಚಿನವರಿಗೆ ಬೇಕಾದದ್ದು ಬಾಗಿಲ ತೋರಣ. ಮೊಬೈಲಿನಲ್ಲಿ ಚಿತ್ರ ತೋರಿಸಿ, "ಅಕ್ಕಾ, ಇದನ್ನು ಯಾವಾಗ ಹೇಳಿಕೊಡುತ್ತೀರಿ?" ಎನ್ನುತ್ತಾರೆ. ನಾನು ಕೊಡುವುದು 4 ಮಿ.ಮೀ. ಸೂಜಿ, ತಿಳಿ ಬಣ್ಣದ ದಪ್ಪ ಹತ್ತಿ ದಾರ. ಕಪ್ಪು ದಾರದಲ್ಲಿ ಹೊಲಿಗೆ ಕಣ್ಣಿಗೆ ಬೀಳುವುದಿಲ್ಲ. ಇನ್ನು ನಮ್ಮ ಬೇಸಿಗೆಯಲ್ಲಿ ಉಲ್ಲನ್ ದಾರ ಹಿಡಿದು ಕೂರುವ ಕಷ್ಟ ಯಾರಿಗೂ ಬೇಡ.

ಕುಣಿಕೆಯೊಳಗಿಂದ ಕುಣಿಕೆ ಎಳೆಯುತ್ತ ಸರಪಳಿ ಹಾಕುವುದು ಬೇಗ ಬರುತ್ತದೆ. ಹಾಕಿದ್ದನ್ನು ಬಿಚ್ಚಿ ಎಂದರೆ ಮಾತ್ರ ಮುಖ ಬಾಡುತ್ತದೆ. ಆಗ ಅಕ್ಕಿ ಚೀಲದ ಬಾಯಿಯ ಹೊಲಿಗೆಯನ್ನು ನೆನಪಿಸುತ್ತೇನೆ. ಸರಿಯಾದ ತುದಿ ಸಿಕ್ಕರೆ ದಾರ ಸರ್ರನೆ ಬಿಚ್ಚಿಕೊಳ್ಳುತ್ತದೆ, ತಪ್ಪು ತುದಿ ಎಳೆದರೆ ಬಿಗಿಯುತ್ತದೆ. ಕ್ರೋಶಾವೂ ಅದೇ ಜಾತಿ: ಸೂಜಿಯಲ್ಲಿರುವ ಕೊನೆಯ ಕುಣಿಕೆಯಿಂದ ಬಿಚ್ಚುತ್ತ ಹೋಗಬಹುದು. ಭತ್ತದ ಊರಿನವರಿಗೆ ಇದಕ್ಕಿಂತ ಹೆಚ್ಚಿನ ವಿವರಣೆ ಬೇಕಾಗುವುದಿಲ್ಲ. ಬಿಚ್ಚುವ ಭಯ ಹೋದ ಮೇಲೆ ಕೈಯ ಬಿಗಿಯೂ ತಾನಾಗಿ ಸಡಿಲವಾಗುತ್ತದೆ.

ನಿಜವಾದ ತೊಡಕು ಸಾಲು ತಿರುಗಿಸುವಲ್ಲಿದೆ. ಚೌಕ ಹಾಕಲು ಹೊರಟವರ ಕೈಯಲ್ಲಿ ತ್ರಿಕೋನ ಮೂಡುತ್ತದೆ, ಕಾರಣ ಹೊಳೆಯುವುದಿಲ್ಲ. ಸೂಜಿಗೆ ದಾರ ಒಂದು ಸುತ್ತಿ ಹಾಕುವ ಉದ್ದ ಹೊಲಿಗೆ ಡಬಲ್ ಕ್ರೋಶಾ. ಅದರ 15 ಹೊಲಿಗೆ ಬೇಕಾದರೆ 17 ಸರಪಳಿ ಹಾಕಿ, ಸೂಜಿಯಿಂದ ನಾಲ್ಕನೆಯದರಲ್ಲಿ ಶುರು ಮಾಡಬೇಕು. ಬಿಟ್ಟ ಮೂರು ಸರಪಳಿಯೇ ಮೊದಲ ಹೊಲಿಗೆ. ಮುಂದಿನ ಸಾಲಿಗೆ ತಿರುಗಿಸುವಾಗ ಮತ್ತೆ 3 ಸರಪಳಿ, ಅದೂ ಒಂದು ಹೊಲಿಗೆಯ ಲೆಕ್ಕ. ಹಾಗಾಗಿ ಅದರ ಬುಡದಲ್ಲಿಯೇ ಇನ್ನೊಂದು ಹಾಕಿದರೆ ಒಂದು ಹೆಚ್ಚುತ್ತದೆ. ಸಾಲಿನ ಕೊನೆಯಲ್ಲಿ ಹಿಂದಿನ ಮೂರು ಸರಪಳಿಯ ತಲೆಗೆ ಹಾಕುವುದನ್ನು ಮರೆತರೆ ಒಂದು ಕಡಿಮೆಯಾಗುತ್ತದೆ. ಹೆಚ್ಚಿನವರು ಮರೆಯುವುದು ಈ ಕೊನೆಯದನ್ನೇ. ಅಲ್ಲಿ ಒಂದು ಪಿನ್ನು ಸಿಕ್ಕಿಸಿ ಎನ್ನುತ್ತೇನೆ. ದಾರ ಸುತ್ತದೆ ಹಾಕುವ ಗಿಡ್ಡ ಹೊಲಿಗೆಯಾದ ಸಿಂಗಲ್ ಕ್ರೋಶಾದಲ್ಲಿ ಈ ಗೋಜಿಲ್ಲ. ತಿರುವಿನ ಒಂದು ಸರಪಳಿಯನ್ನು ಸಾಮಾನ್ಯವಾಗಿ ಲೆಕ್ಕಕ್ಕೆ ಹಿಡಿಯದೆ ಮೊದಲ ಹೊಲಿಗೆಯಲ್ಲಿಯೇ ಶುರು ಮಾಡುತ್ತೇವೆ.

ವಿಡಿಯೊ ನೋಡಿ ಕಲಿಯುವವರಿಗೆ ಇನ್ನೊಂದು ಮಾತು. ಅಮೆರಿಕದವರ ಸಿಂಗಲ್ ಬ್ರಿಟನ್ನಿನವರಿಗೆ ಡಬಲ್, ಅಮೆರಿಕದ ಡಬಲ್ ಅಲ್ಲಿ ಟ್ರೆಬಲ್. ನಾನು ಹೇಳುತ್ತಿರುವುದು ಅಮೆರಿಕದ ಲೆಕ್ಕ. ಹೆಸರು ನಂಬಬೇಡಿ, ಸೂಜಿಗೆ ದಾರ ಎಷ್ಟು ಸುತ್ತು ಸುತ್ತುತ್ತಾರೆ ನೋಡಿ: ಸುತ್ತದೆ ಹಾಕಿದರೆ ಸಿಂಗಲ್. ಒಂದು ಸುತ್ತಿ, ಮೇಲೆ ಎರಡೆರಡು ಕುಣಿಕೆಗಳನ್ನು ಬಿಡಿಸಿದರೆ ಡಬಲ್.

ಎಣಿಸುವ ಅಭ್ಯಾಸ ಬಿದ್ದವರಿಗೆ ತೋರಣದ ವೃತ್ತ ಬೇಗ ಕೈಗೆ ಹತ್ತುತ್ತದೆ. ಮೊದಲ ಸುತ್ತು 12 ಡಬಲ್, ಎರಡನೆಯದು 24, ಮೂರನೆಯದು 36. ಹೊಲಿಗೆ ಕಡಿಮೆಯಾದರೆ ಅಂಚು ಒಳಕ್ಕೆ ಮಡಚಿಕೊಳ್ಳುತ್ತದೆ, ಹೆಚ್ಚಾದರೆ ನೆರಿಗೆ ಬೀಳುತ್ತದೆ. ಆಗ ನನ್ನನ್ನು ಕರೆಯದೆ ತಾವೇ ಎಣಿಸಿ, ತಪ್ಪಿದಲ್ಲಿಯವರೆಗೆ ಬಿಚ್ಚುವವರಿಗೆ ಮಾತ್ರ ತೋರಣ ಹಾಕಲು ಸಣ್ಣ ಸ್ಟೀಲ್ ಸೂಜಿ ಕೊಡುತ್ತೇನೆ.