ಹತ್ತೊಂಬತ್ತು ಸೆಕೆಂಡಿನ ಜಗಳ

ಕೊನೆಗೂ ಕಳ್ಳ ಸಿಕ್ಕಿಬಿದ್ದ. ಇಷ್ಟು ದಿನ ನನ್ನ ಡಿಟನಿ ಎಣ್ಣೆಯ ಲ್ಯಾಬ್ ರಿಪೋರ್ಟಿನಲ್ಲಿ ಥೈಮಾಲ್ (ಓಮದ ಘಾಟು ಕೊಡುವ ವಸ್ತು) ಅಂತ ಹೆಸರು ಬರೆಸಿಕೊಂಡು ಕೂತಿದ್ದವನು ಅದರ ಅವಳಿಯಂಥ ಕಾರ್ವಕ್ರಾಲ್ (ದೊಡ್ಡಪತ್ರೆ ವಾಸನೆಯದ್ದು)!

ಗಿಡದ ಹೆಸರು ಡಿಟನಿ, ಸಸ್ಯಶಾಸ್ತ್ರದಲ್ಲಿ ಒರಿಗಾನಮ್ ಡಿಕ್ಟಾಮ್ನಸ್. ಕ್ರೀಟ್ ದ್ವೀಪದ ಬಂಡೆಗಳಲ್ಲಿ ಬಿಟ್ಟರೆ ಕಾಡಿನಲ್ಲಿ ಇನ್ನೆಲ್ಲೂ ತಾನಾಗಿ ಬೆಳೆಯಲ್ಲ. ನನ್ನದು ಕುಂಡದಲ್ಲಿ ಬೆಳೆಸಿದ್ದು, ಕಾಡಿಂದ ಕಿತ್ತಿದ್ದಲ್ಲ, ಯಾರೂ ಬೈಯಬೇಡಿ. ಎಲೆ ಮೇಲೆ ಬಿಳಿ ಉಣ್ಣೆ ಹೊದಿಸಿದ ಹಾಗಿರುತ್ತೆ. ಭೂತಗನ್ನಡಿ ಹಿಡಿದರೆ ಆ ಕೂದಲ ನಡುವೆ ಎಣ್ಣೆ ತುಂಬಿದ ಗ್ರಂಥಿಗಳು ಸಣ್ಣ ಸಣ್ಣ ಹೊಳೆಯುವ ಚುಕ್ಕೆಗಳಾಗಿ ಕಾಣುತ್ತವೆ.

ಎಲೆ ಭಟ್ಟಿ ಇಳಿಸಿ ಎಣ್ಣೆ ತೆಗೆದ ಕಥೆ ಬಿಡಿ, ಎಲ್ಲರಿಗೂ ಗೊತ್ತಿರೋದೇ. ಕ್ಲೆವೆಂಜರ್‌ಗೆ (ಎಣ್ಣೆ ಭಟ್ಟಿ ಇಳಿಸುವ ಗಾಜಿನ ಉಪಕರಣ) 24/29 ಅಳತೆಯ ಜಾಯಿಂಟ್ ಕೇಳಿದ್ದೆ, ಬಂದಿದ್ದು 29/32. ವಾಪಸ್ ಕಳಿಸಿದೆ. ಮತ್ತೆ 29/32 ಬಂತು, ಈ ಸಲ ಪ್ಯಾಕಿಂಗ್ ಮಾತ್ರ ಚೆನ್ನಾಗಿತ್ತು. ಅಡಾಪ್ಟರ್ ಹಾಕಿ ಕೆಲಸ ಮುಗಿಸಿದೆ.

ಎಣ್ಣೆಯನ್ನು ಜಿಸಿ-ಎಂಎಸ್‌ಗೆ (ಎಣ್ಣೆಯಲ್ಲಿರೋ ವಸ್ತುಗಳನ್ನು ಬೇರೆ ಮಾಡಿ, ಅಣುವನ್ನು ಚೂರು ಮಾಡಿ ತೂಗಿ ಗುರುತಿಸುವ ಪರೀಕ್ಷೆ) ಒಂದು ಲ್ಯಾಬಿಗೆ ಕಳಿಸಿದೆ. ರಿಪೋರ್ಟಿನ ಗ್ರಾಫಿನಲ್ಲಿ ಒಂದೊಂದು ವಸ್ತುವಿಗೆ ಒಂದೊಂದು ಪೀಕ್; ಅದರಲ್ಲಿ ದೊಡ್ಡ ಪೀಕ್ ಮುಂದೆ 'ಥೈಮಾಲ್' ಅಂತ ಇತ್ತು. ನನಗೋ ಅನುಮಾನ. ಬಾಟಲಿ ಮುಚ್ಚಳ ತೆಗೆದರೆ ದೊಡ್ಡಪತ್ರೆ ಎಲೆ ಕಿವುಚಿದ ವಾಸನೆ, ಓಮದ ಘಾಟಲ್ಲ. ಆದರೆ ಮೂಗನ್ನು ಸಾಕ್ಷಿ ಕಟ್ಟೆಗೆ ಹತ್ತಿಸೋಕಾಗುತ್ತಾ? ಲ್ಯಾಬಿನವರನ್ನು ಕೇಳಿದ್ದಕ್ಕೆ "ಲೈಬ್ರರಿ ಚೆನ್ನಾಗಿ ಮ್ಯಾಚ್ ಆಗಿದೆ ಸರ್" ಅಂದರು. (ಲೈಬ್ರರಿ ಅಂದರೆ ಗೊತ್ತಿರುವ ವಸ್ತುಗಳ ಚೂರುಗಳ ಮಾದರಿ ಸಂಗ್ರಹ.) ಆಗದೇ ಏನು! ಥೈಮಾಲ್, ಕಾರ್ವಕ್ರಾಲ್ ಎರಡೂ ಐಸೋಮರ್‌ಗಳು, ಅವೇ ಪರಮಾಣುಗಳು, ಜೋಡಣೆ ಮಾತ್ರ ಬೇರೆ. ಎರಡರದ್ದೂ ಮಾಲಿಕ್ಯುಲರ್ ಅಯಾನ್ (ಇಡೀ ಅಣುವಿನ ತೂಕ) 150, ಒಂದು ಮೀಥೈಲ್ ಕಳಚಿಕೊಂಡ ಚೂರು 135 ಎರಡರಲ್ಲೂ ಬೇಸ್ ಪೀಕ್ (ಎಲ್ಲಕ್ಕಿಂತ ಎತ್ತರದ್ದು). ಅವಳಿಗಳ ಫೋಟೋ ತೋರಿಸಿ ಇದು ಅಣ್ಣನೋ ತಮ್ಮನೋ ಅಂತ ಕೇಳಿದ ಹಾಗೆ.

ಮೊದಲು ಫ್ರೀಜರ್ ಪ್ರಯೋಗ. ಶುದ್ಧ ಥೈಮಾಲ್ 50 ಡಿಗ್ರಿ ಆಸುಪಾಸಿನವರೆಗೂ ಗಟ್ಟಿಯಾಗಿಯೇ ಇರುತ್ತೆ, ಕಾರ್ವಕ್ರಾಲ್ ರೂಮಿನ ಬಿಸಿಯಲ್ಲೇ ದ್ರವ. ಎಣ್ಣೆಗೆ ಒಂದು ಹರಳು ಥೈಮಾಲ್ ಬೀಜವಾಗಿ ಹಾಕಿ ಒಂದು ವಾರ ಇಟ್ಟೆ. ಏನೂ ಕಟ್ಟಲಿಲ್ಲ. ಖುಷಿಪಟ್ಟೆ, ಆಮೇಲೆ ತಲೆ ಚಚ್ಚಿಕೊಂಡೆ. ಪ್ಯಾರಾ-ಸೈಮೀನ್, ಗಾಮಾ-ಟರ್ಪಿನೀನ್‌ನಂಥ ದ್ರವಗಳು ಬೆರೆತ ಎಣ್ಣೆಯಲ್ಲಿ ಥೈಮಾಲ್ ಇದ್ದರೂ ಹರಳು ಕಟ್ಟದೇ ಕರಗೇ ಇರಬಹುದಲ್ವಾ.

ಹಾಗಾಗಿ ಆಲ್ಕೇನ್ ಏಣಿಗೇ ಬಂದೆ. ಉದ್ದ ಏರುತ್ತಾ ಹೋಗುವ ಇಂಗಾಲದ ಸರಪಳಿಗಳು ಹೊರಬರುವ ಹೊತ್ತೇ ಮೆಟ್ಟಿಲು: 12 ಇಂಗಾಲದ ಸಿ12ಗೆ 1200, ಸಿ13ಗೆ 1300, ಹೀಗೆ. ಆ ಏಣಿಯಲ್ಲಿ ಪೀಕ್ ಎಲ್ಲಿ ನಿಲ್ಲುತ್ತೋ ಅದೇ ಅದರ ಇಂಡೆಕ್ಸ್. ಗೋಗರೆದು ಕಚ್ಚಾ ಡೇಟಾ ತರಿಸಿಕೊಂಡೆ. ಕಾಲಂ (ವಸ್ತುಗಳು ಬೇರೆಯಾಗುವ ಕೊಳವೆ) ಡಿಬಿ-5 ಅನ್ನೋ ಬಗೆಯದ್ದು. ಸಿ12 ಬಂದಿದ್ದು 17.20 ನಿಮಿಷಕ್ಕೆ, ಸಿ13 20.70ಕ್ಕೆ, ಸಿ14 24.10ಕ್ಕೆ. ಈ ಕಾಲಂನಲ್ಲಿ ಥೈಮಾಲ್ ಇಂಡೆಕ್ಸ್ ಸುಮಾರು 1290, ಕಾರ್ವಕ್ರಾಲ್ 1299 ಹತ್ತಿರ. ನನ್ನ ಪೀಕ್ ಎಲ್ಲಿತ್ತು ಗೊತ್ತಾ? 20.84. ಅಂದರೆ 1304. ಅವನೂ ಅಲ್ಲ, ಇವನೂ ಅಲ್ಲ!

ಎರಡು ದಿನ ಸುಮ್ನೆ ಆ ಗ್ರಾಫ್ ನೋಡ್ತಾ ಕೂತೆ. ಆಮೇಲೆ ಪೀಕಿನ ಆಕಾರ ಕಣ್ಣಿಗೆ ಬಿತ್ತು. ಎಡಗಡೆ ನಿಧಾನಕ್ಕೆ ಏರಿ, ಬಲಗಡೆ ಗೋಡೆ ಹಾಗೆ ಧುಪ್ಪಂತ ಇಳಿದಿದೆ. ಓವರ್‌ಲೋಡ್! ಎಣ್ಣೆ ಜಾಸ್ತಿ ತುಂಬಿದ್ದಕ್ಕೆ ಕಾಲಂ ಕುತ್ತಿಗೆವರೆಗೂ ತಿಂದು, ಪೀಕಿನ ತುದಿ ತಡವಾಗಿ ಬಲಕ್ಕೆ ಸರಿದಿದೆ. ಹಾಗಾದರೆ 1304 ಅನ್ನೋದು ತಳ್ಳಿಸಿಕೊಂಡು ಬಂದ ಥೈಮಾಲೂ ಇರಬಹುದು.

ಹತ್ತು ಪಟ್ಟು ತೆಳು ಮಾಡಿ ಮತ್ತೆ ಓಡಿಸಲು ಹೇಳಿದೆ. 20.66. ಇನ್ನೂ ಹತ್ತು ಪಟ್ಟು ತೆಳು ಮಾಡಿಸಿದೆ. ಮತ್ತೆ 20.66, ಕದಲಲಿಲ್ಲ. ಲೆಕ್ಕ ಹಾಕಿದರೆ 1299. ಅಷ್ಟಕ್ಕೂ ನನಗೆ ಸಮಾಧಾನ ಇಲ್ಲ. ಓಮ ಭಟ್ಟಿ ಇಳಿಸಿ ಎಣ್ಣೆ ತೆಗೆದೆ, ಥೈಮಾಲ್‌ಗೆ ಅದಕ್ಕಿಂತ ಸುಲಭದ ಮೂಲ ಬೇಕಾ? ಅದರಲ್ಲಿ ಒಂದು ಹನಿ ನನ್ನ ಎಣ್ಣೆಗೆ ಬೆರೆಸಿ ಕಳಿಸಿದೆ. ಬಂತು ನೋಡಿ, ಎರಡು ಬೇರೆ ಬೇರೆ ಪೀಕ್! ಓಮದ್ದು 20.35, ನನ್ನದು 20.66. ನಡುವೆ ಹತ್ತೊಂಬತ್ತು ಸೆಕೆಂಡು, ಅಷ್ಟೇ. ತೆಳು ಮಾಡಿದ ರನ್ನಿನಲ್ಲಿ ನನ್ನ ಎಣ್ಣೆಯಲ್ಲೂ 20.35ಕ್ಕೆ ಒಂದು ಪುಟ್ಟ ದಿಬ್ಬ ಇದೆ. ಮೊದಲ ರನ್ನಿನಲ್ಲಿ ಅದು ದೊಡ್ಡಣ್ಣನ ಇಳಿಜಾರಿನಡಿ ಹೂತುಹೋಗಿತ್ತು.

ಲ್ಯಾಬಿನವರು ರಿಪೋರ್ಟ್ ತಿದ್ದಿ ಕಳಿಸಿದರು. ಫೈಲಿನ ಹೆಸರು ಮಾತ್ರ ಇನ್ನೂ 'ಥೈಮಾಲ್ ಫೈನಲ್ 2'.

ಮುಂದೆ ಮಾರ್ಜೋರಮ್ ಗಿಡ. ಅದರ ಎಲೆಯಲ್ಲಿ ಇರೋದು ಸಿಸ್-ಸಬಿನೀನ್ ಹೈಡ್ರೇಟ್ ಅನ್ನೋ ವಸ್ತು, ಆದರೆ ಕುದಿಯುವ ನೀರಲ್ಲಿ ಹೊತ್ತು ಹೋದಂತೆ ಅದು ಟರ್ಪಿನೆನ್-4-ಓಲ್ ಅನ್ನೋ ಬೇರೆ ವಸ್ತುವಿನ ಕಡೆಗೆ ತಿರುಗುತ್ತೆ. ಅಂದರೆ ಬಾಟಲಿಯಲ್ಲಿರೋದು ಗಿಡದ್ದೋ, ನನ್ನ ಒಲೆಯದ್ದೋ? ಅರ್ಧ ಗಂಟೆ, ಒಂದು ಗಂಟೆ, ಮೂರು ಗಂಟೆ ಅಂತ ಬೇರೆ ಬೇರೆ ಇಳಿಸಿ, ಜೊತೆಗೆ ಹಸಿ ಎಲೆಯನ್ನು ತಣ್ಣಗೆ ಹೆಕ್ಸೇನ್ ಅನ್ನೋ ದ್ರಾವಕದಲ್ಲಿ ನೆನೆಸಿ ಹೋಲಿಸಬೇಕು. ಗಿಡ ರೆಡಿ. ಈ ಸಲ ಎಲ್ಲವನ್ನೂ ಮೊದಲೇ ತೆಳು ಮಾಡಿ ಕಳಿಸ್ತೀನಿ. 24/29 ಇನ್ನೂ ಬಂದಿಲ್ಲ.