ಹೆರಾಲ್ಡ್ ಗಾಡಿಯೂ ರಟ್ಟಿನ ಫೈಲೂ

ಎಂಜಿನ್ ತೊಳೆಸಿದ್ದು ನಾನೇ. ಯಾರೂ ಹೇಳಿರಲಿಲ್ಲ. ಬೆಂಗಳೂರಿನ ಜಯನಗರದ ಹಳೆಯ ಮನೆಯೊಂದರ ಷೆಡ್ಡಿನಲ್ಲಿದ್ದ 1964ರ ಟ್ರಯಂಫ್ ಹೆರಾಲ್ಡ್ 1200 ಓಪನ್ ಕಾರನ್ನು ಮಾರಿಕೊಡುವುದಾಗಿ ಒಪ್ಪಿಕೊಂಡು ಮೂರು ದಿನವೂ ಆಗಿರಲಿಲ್ಲ. ನಮ್ಮ ಗ್ಯಾರೇಜಿನ ಹುಡುಗನನ್ನು ಕರೆದೊಯ್ದು, ಡೀಸೆಲ್ ಹಾಕಿ ಉಜ್ಜಿಸಿ, ನೀರು ಹೊಡೆಸಿ, ಒಣಗಿದ ಮೇಲೆ ಬಾನೆಟ್ಟಿನ ಒಳಗೆಲ್ಲ ಕಪ್ಪು ಪೇಂಟನ್ನೂ ಸ್ಪ್ರೇ ಮಾಡಿಸಿದೆ. ಫೋಟೋದಲ್ಲಿ ಥಳಥಳ ಹೊಳೆಯಿತು. ಆಮೇಲೆ ನೋಡಲು ಬಂದ ಮೊದಲ ಮೂವರಲ್ಲಿ ಇಬ್ಬರು ಬಾನೆಟ್ ಎತ್ತಿದ ಕೂಡಲೇ ಸುಮ್ಮನಾದರು. ಒಬ್ಬರು ಕೇಳಿದ್ದು ನಾವು ಹೇಳಿದ ಬೆಲೆಯ ಅರ್ಧ. ಇನ್ನೊಬ್ಬರು ಬೆಲೆಯನ್ನೇ ಕೇಳದೆ ಕಾಫಿ ಕುಡಿದು ಹೋದರು.

ಹಳೆಯ ಕಾರುಗಳನ್ನು ಮಾರಿಕೊಡುವುದು ನನಗೆ ಹನ್ನೊಂದು ವರ್ಷದ ಕಸುಬು. ಹೆಚ್ಚಾಗಿ ಫಿಯೆಟ್, ಅಂಬಾಸಿಡರ್, ಒಮ್ಮೊಮ್ಮೆ ವಿಲ್ಲಿಸ್ ಜೀಪು. ಅವೆಲ್ಲ ಹೇಗೋ ಉಳಿದುಕೊಂಡ ಗಾಡಿಗಳು. ತುಕ್ಕು ಕೆರೆದು, ಟಿಂಕರಿಂಗ್ ಮಾಡಿಸಿ, ಬಣ್ಣ ಹೊಡೆಸಿದರೆ ಬೆಲೆ ಏರುತ್ತದೆ. ಆದರೆ ಒಂದೇ ಕೈಯಲ್ಲಿ ಐವತ್ತಕ್ಕೂ ಹೆಚ್ಚು ವರ್ಷ ಜೋಪಾನವಾಗಿದ್ದ ಗಾಡಿ ನನ್ನ ಪಾಲಿಗೆ ಬಂದದ್ದು ಅದೇ ಮೊದಲು. ಅದಕ್ಕೂ ನನಗೆ ಗೊತ್ತಿದ್ದ ಔಷಧವನ್ನೇ ಕುಡಿಸಿದೆ.

ಕಾರಿನ ಯಜಮಾನರು ಎಂಜಿನಿಯರ್. ಇಂಗ್ಲೆಂಡಿನಲ್ಲಿ ಕೆಲಸ ಮಾಡಿ 1967ರಲ್ಲಿ ಊರಿಗೆ ಮರಳುವಾಗ ಹಡಗಿನಲ್ಲಿ ಕಾರನ್ನೂ ತಂದಿದ್ದರು. ಅಲ್ಲಿಯೂ ಸ್ಟಿಯರಿಂಗ್ ಬಲಗಡೆಯೇ ಆದ್ದರಿಂದ ಇಲ್ಲಿ ಏನನ್ನೂ ಬದಲಿಸಬೇಕಾಗಿರಲಿಲ್ಲ. ಹಳೆಯ ಮೈಸೂರು ರಾಜ್ಯದ, ಎಂವೈ ಎಂದು ಶುರುವಾಗುವ ನಂಬರು. ಯಜಮಾನರು ತೀರಿಕೊಂಡು ಎರಡು ವರ್ಷವಾಗಿತ್ತು. ಮಗ ಅಮೆರಿಕದಲ್ಲಿ. ಮಾರುವವರು ಅಮ್ಮನವರು, ವಯಸ್ಸು ಎಂಬತ್ತರ ಮೇಲೆ. ಮೊದಲ ದಿನವೇ ನನ್ನ ಕೈಗೆ ಒಂದು ರಟ್ಟಿನ ಫೈಲು ಕೊಟ್ಟು, "ಇದನ್ನು ಮೊದಲು ಓದಪ್ಪ, ಆಮೇಲೆ ಗಾಡಿ ನೋಡು" ಎಂದಿದ್ದರು. ನಾನು ಗಾಡಿಯನ್ನಷ್ಟೇ ನೋಡಿದೆ.

ಗಿರಾಕಿಗಳಿಗೆ ಅನುಮಾನ ಏಕೆ ಬರುತ್ತದೆ ಎನ್ನುವುದಕ್ಕೆ ಈ ಕಾರಿನ ಹುಟ್ಟಿನಲ್ಲೇ ಕಾರಣವಿದೆ. 1959ರಲ್ಲಿ ಹೆರಾಲ್ಡ್ ಬಂದಾಗ ಟ್ರಯಂಫ್ ಕಂಪನಿಗೆ ಇಡೀ ಬಾಡಿಯನ್ನು ಒಂದೇ ಕಡೆ ಮಾಡಿಸಿಕೊಳ್ಳುವ ಅನುಕೂಲ ಇರಲಿಲ್ಲ. ಬಾಡಿ ಒತ್ತಿಕೊಡುತ್ತಿದ್ದ ಕಾರ್ಖಾನೆಯನ್ನು ಎದುರಾಳಿ ಕಂಪನಿ ಕೊಂಡುಬಿಟ್ಟಿತ್ತು. ಹಾಗಾಗಿ ಅಷ್ಟು ಹೊತ್ತಿಗೆ ಬೇರೆಯವರು ಕೈಬಿಡುತ್ತಿದ್ದ ಪ್ರತ್ಯೇಕ ಚಾಸಿಯನ್ನೇ, ಅಂದರೆ ಬಾಡಿಯಿಂದ ಬೇರೆಯಾದ ಅಡಿಯ ಚೌಕಟ್ಟನ್ನೇ, ಇಟ್ಟುಕೊಂಡು, ಅದರ ಮೇಲೆ ಬೇರೆ ಬೇರೆ ಕಡೆ ಮಾಡಿಸಿದ ತಗಡುಗಳನ್ನು ಬೋಲ್ಟು ಹಾಕಿ ಕೂರಿಸಿದರು. ಇಟಲಿಯ ಜೊವಾನಿ ಮಿಕೆಲೊಟ್ಟಿ ಬರೆದ ಚೆಂದದ ಗೆರೆಗಳ ಅಡಿಯಲ್ಲಿ ಇರುವುದು ಮಕ್ಕಳ ಮೆಕ್ಯಾನೊ ಆಟದ ಲೆಕ್ಕ. ಮೇಲ್ಛಾವಣಿಗೂ ಬೋಲ್ಟೇ. ಬಿಚ್ಚಿ ತೆಗೆದರೆ ಓಪನ್ ಕಾರು. ಮದ್ರಾಸಿನ ಸ್ಟ್ಯಾಂಡರ್ಡ್ ಕಂಪನಿ ಇದೇ ಗಾಡಿಯನ್ನು ಸ್ಟ್ಯಾಂಡರ್ಡ್ ಹೆರಾಲ್ಡ್ ಎಂದು ಇಲ್ಲಿ ಮಾಡಿತು. ಅವುಗಳ ಟಾಪು ಬಿಚ್ಚಿ, ಕ್ಯಾನ್ವಾಸ್ ಹೊದಿಸಿ, ಮದುವೆ ಮೆರವಣಿಗೆಗೆ ಬಿಟ್ಟ ಗ್ಯಾರೇಜುಗಳೂ ಇವೆ. ಆದ್ದರಿಂದ ಓಪನ್ ಹೆರಾಲ್ಡ್ ಎಂದರೆ ತಿಳಿದವರ ಮೊದಲ ಪ್ರಶ್ನೆ, ಇದು ಹುಟ್ಟಿದ್ದೇ ಹೀಗೋ, ಟಾಪು ತೆಗೆಸಿದ್ದೋ?

ಉತ್ತರ ಬಾನೆಟ್ಟಿನ ಒಳಗಿದೆ. ಹೆರಾಲ್ಡಿನ ಬಾನೆಟ್ಟು ಮಡ್‌ಗಾರ್ಡು, ಹೆಡ್‌ಲೈಟುಗಳ ಸಮೇತ ಮೊಸಳೆ ಬಾಯಿ ಬಿಟ್ಟಂತೆ ಮುಂದಕ್ಕೆ ಮಗುಚಿಕೊಳ್ಳುತ್ತದೆ. ಹಿಂದಿನ ತಗಡಿನ ಗೋಡೆಯ ಮೇಲೆ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡ ಪ್ಲೇಟು. ಅದರ ಮೇಲೆ ಒತ್ತಿದ ಗಾಡಿಯ ನಂಬರು ಜಿಎ ಎಂದು ಶುರುವಾದರೆ ಅದು 1200. ಕೊನೆಯಲ್ಲಿ ಡಿಎಲ್ ಇದ್ದರೆ ಸಲೂನ್, ಸಿವಿ ಇದ್ದರೆ ಕಾರ್ಖಾನೆಯಲ್ಲೇ ಓಪನ್ ಆಗಿ ಹುಟ್ಟಿದ್ದು. ಇಡೀ ಗಾಡಿಯ ಜಾತಕ ಆ ಎರಡು ಅಕ್ಷರ. ನಾನು ಹೊಡೆಸಿದ ಕಪ್ಪು ಪೇಂಟು ಸರಿಯಾಗಿ ಅವುಗಳ ಮೇಲೆಯೇ ಮಂಜಿನಂತೆ ಕೂತಿತ್ತು. ಐವತ್ತು ವರ್ಷ ಬಯಲಲ್ಲಿದ್ದ ಸಾಕ್ಷಿಯನ್ನು ಮಾರುವ ಮುನ್ನಾದಿನ ಮುಚ್ಚಿದವನನ್ನು ಯಾವ ಗಿರಾಕಿ ನಂಬುತ್ತಾನೆ?

ಅದೇ ವಾರ ಇನ್ನೊಂದು ಅವಾಂತರ. ಬ್ಯಾಟರಿ ಕೂತುಹೋಗಿತ್ತು. ಹೊಸದು ತಂದ ಹುಡುಗ ಎಲ್ಲ ಗಾಡಿಗೂ ಹಾಕುವಂತೆ ನೆಗೆಟಿವ್ ವಯರನ್ನು ಗಾಡಿಯ ಮೈಗೆ ಕೊಟ್ಟ. ಆ ಕಾಲದ ಬ್ರಿಟಿಷ್ ಗಾಡಿಗಳಲ್ಲಿ ಉಲ್ಟಾ, ಮೈಗೆ ಹೋಗುವುದು ಪಾಸಿಟಿವ್. ಡೈನಮೊ ಗಾಡಿಯಾದ್ದರಿಂದ ಅದಕ್ಕೇನೂ ಆಗಲಿಲ್ಲ, ಇಂದಿನ ಗಾಡಿಯಾಗಿದ್ದರೆ ಆಲ್ಟರ್ನೇಟರ್ ಸುಟ್ಟಿರುತ್ತಿತ್ತು. ಆದರೆ ಯಜಮಾನರು ಜೊತೆಗೆ ತಂದು ಕಾರಿಗೆ ಜೋಡಿಸಿದ್ದ ಟ್ರಾನ್ಸಿಸ್ಟರ್ ರೇಡಿಯೊ ಒಮ್ಮೆ ಕರ್ ಎಂದು ಮೌನವಾಯಿತು. ಹುಡುಗನನ್ನು ಬೈಯಲು ಬಾಯಿ ತೆರೆದೆ. ಅಮ್ಮನವರು ಫೈಲಿನಿಂದ ಒಂದು ಹಾಳೆ ತೆಗೆದು ನನ್ನ ಮುಂದೆ ಹಿಡಿದರು. ಕೆಂಪು ಶಾಯಿಯಲ್ಲಿ, ಕನ್ನಡದಲ್ಲಿ, "ಪಾಸಿಟಿವ್ ಅರ್ತ್, ಎಚ್ಚರ" ಎಂದಿತ್ತು.

ಆ ರಾತ್ರಿ ಫೈಲು ಓದಿದೆ. ಮನೆಯ ಆಯವ್ಯಯ ಬರೆಯುವ ಹಾಗೆ ಗಾಡಿಯ ಬದುಕನ್ನು ಬರೆದಿಟ್ಟಿದ್ದರು. ಬಂದರಿನಲ್ಲಿ ಸುಂಕ ಕಟ್ಟಿದ ಕಾಗದದಲ್ಲಿ ನಂಬರು ಸಿವಿ ಸಮೇತ ಪೂರ್ತಿಯಾಗಿ ಇತ್ತು. ಆರ್‌ಸಿಯಲ್ಲಿ ಯಾವನೋ ಗುಮಾಸ್ತ ಆ ಎರಡು ಅಕ್ಷರ ಬಿಟ್ಟಿದ್ದ. 2000ದಲ್ಲಿ ಸೀಸದ ಪೆಟ್ರೋಲು ನಿಂತ ವರ್ಷವೇ ಎಂಜಿನ್ ಹೆಡ್ ಬಿಚ್ಚಿಸಿ, ಸೀಸವಿಲ್ಲದೆ ಸವೆಯದಂತೆ ಗಟ್ಟಿ ವಾಲ್ವ್ ಸೀಟು ಹಾಕಿಸಿದ ಬಿಲ್ಲು. ಎಥನಾಲ್ ಬೆರೆತ ಪೆಟ್ರೋಲು ಹಳೆಯ ರಬ್ಬರನ್ನು ತಿನ್ನುತ್ತದೆಂದು ಪೈಪುಗಳನ್ನೂ ಪಂಪಿನ ಡಯಾಫ್ರಮ್ಮನ್ನೂ ಬದಲಿಸಿದ ಬಿಲ್ಲು. ಐದು ವರ್ಷಕ್ಕೊಮ್ಮೆ ಎಫ್‌ಸಿ ಮಾಡಿಸಿದ ರಸೀತಿಗಳು. ಮುಂದಿನ ಚಕ್ರಗಳ ಬುಡಕ್ಕೆ ಎಣ್ಣೆ ಹಾಕಿದ್ದಕ್ಕೆ ಆರು ತಿಂಗಳಿಗೊಮ್ಮೆ ಒಂದೇ ಸಾಲು: "ಟ್ರನಿಯನ್, ಗೇರ್ ಆಯಿಲ್ 90, ಎರಡೂ ಕಡೆ." ಜೊತೆಗೆ ಇನ್ನೊಂದು ಸಾಲು, "ಟೈಮಿಂಗ್ ಕವರಿನ ಬಳಿ ಎಣ್ಣೆ ಜಿನುಗು ಇದೆ. ಹಾಗೆಯೇ ಇರಲಿ." ನಾನು ತೊಳೆದು ಪೇಂಟು ಬಳಿದದ್ದು ಆ ಜಿನುಗನ್ನೇ. ಪೇಂಟಿನ ಅಡಿಯಿಂದ ಅದು ಮತ್ತೆ ಇಣುಕುತ್ತಿದ್ದುದನ್ನು ಗಿರಾಕಿ ನೋಡಿದ್ದ, ನಾನು ನೋಡಿರಲಿಲ್ಲ.

ಮಾರನೆಯ ದಿನ ಥಿನ್ನರ್ ಮತ್ತು ಹತ್ತಿ ಹಿಡಿದು ಕೂತೆ. ಕಿವಿಗೆ ಹಾಕುವಷ್ಟು ಹತ್ತಿಯನ್ನು ಕಡ್ಡಿಗೆ ಸುತ್ತಿ, ಅದ್ದಿ, ಹಿಂಡಿ, ಪ್ಲೇಟಿನ ಮೇಲೆ ಒಂದೇ ದಿಕ್ಕಿಗೆ ಎಳೆಯುವುದು, ಹತ್ತಿ ಕಪ್ಪಾದರೆ ಬಿಸಾಡುವುದು. ಜೋರಾಗಿ ಉಜ್ಜಿದರೆ ಕಾರ್ಖಾನೆಯ ಬಣ್ಣವೂ ಬರುತ್ತದೆ. ಮೊದಲು ಜಿ ಕಾಣಿಸಿತು, ಕೊನೆಗೆ ಸಿ, ಆಮೇಲೆ ವಿ. ಒಂದೂವರೆ ಗಂಟೆ ಹಿಡಿಯಿತು. ಅಮ್ಮನವರು ಎರಡು ಸಲ ಮಜ್ಜಿಗೆ ಕೊಟ್ಟರು, ಏನೂ ಮಾತಾಡಲಿಲ್ಲ. ಮಾತಾಡಿದ್ದರೆ ವಾಸಿ ಇತ್ತು.

ಆಮೇಲೆ ಹೊಸದಾಗಿ ಜಾಹೀರಾತು ಬರೆದೆ. ಈ ಸಲ ಮೊದಲು ಹಾಕಿದ್ದು ದೋಷಗಳ ಪಟ್ಟಿ. ಎಣ್ಣೆ ಜಿನುಗು. ಟಾಪಿನ ಹಿಂದಿನ ಪ್ಲಾಸ್ಟಿಕ್ ಕಿಟಕಿಯಲ್ಲಿ ಬೆರಳುದ್ದದ ಮಸುಕು. ಎಡ ಬಾಗಿಲ ಕೆಳಗೆ ಎಂಟಾಣೆ ಅಗಲದ ತುಕ್ಕು, ನಾಣ್ಯ ಇಟ್ಟೇ ತೆಗೆದ ಫೋಟೋ. ಎಂಜಿನ್ ಮೇಲಿನ ಕಪ್ಪು ಪೇಂಟು ನಮ್ಮ ತಪ್ಪು. ರೇಡಿಯೊ ನಮ್ಮ ಕೈಯಲ್ಲಿ ಕೆಟ್ಟದ್ದು, ರಿಪೇರಿ ನಮ್ಮದೇ. ಕಸುಬಿನ ಗೆಳೆಯರು ನಕ್ಕರು. ಹೀಗೆ ಬರೆದರೆ ಯಾರು ಬರುತ್ತಾರೆ ಎಂದರು. ಕಡಿಮೆ ಜನ ಬಂದರು, ಅದು ನಿಜ. ಸೆಲ್ಫಿ ತೆಗೆದುಕೊಳ್ಳಲು ಬರುವವರು ಪೂರ್ತಿ ನಿಂತರು.

ನಡುವೆ ಕಾಗದದ ಕೆಲಸ. ಇದರಲ್ಲಿ ಮಾತ್ರ ನಾನು ಎಡವಲಿಲ್ಲ, ಏಕೆಂದರೆ ಹಿಂದೆ ಎಡವಿದ್ದೆ. ಯಜಮಾನರು ಸಹಿ ಹಾಕಿಟ್ಟಿದ್ದ, ಮಾಲೀಕತ್ವ ಬದಲಿಸುವ ಖಾಲಿ ಫಾರಂ 29, 30 ಫೈಲಿನಲ್ಲೇ ಇದ್ದವು. "ತಾರೀಖು ಹಾಕಿ ಕೊಟ್ಟುಬಿಡು" ಎಂದ ಒಬ್ಬ ಬ್ರೋಕರ್. ಸತ್ತವರ ಸಹಿಯಲ್ಲಿ ಗಾಡಿ ಮಾರುವುದು ನಮ್ಮ ಕಸುಬಿನಲ್ಲಿ ಅಪರೂಪವೇನಲ್ಲ, ಅಪರಾಧವಂತೂ ಹೌದು. ಮಾಲೀಕರು ತೀರಿಕೊಂಡರೆ ಮೊದಲು ಫಾರಂ 31ರಲ್ಲಿ ವಾರಸುದಾರರ ಹೆಸರಿಗೆ ಆರ್‌ಸಿ ಬದಲಾಗಬೇಕು, ಅದೂ ಮೂರು ತಿಂಗಳೊಳಗೆ ಅರ್ಜಿ ಕೊಡಬೇಕು. ಇಲ್ಲಿ ಎರಡು ವರ್ಷ ಕಳೆದಿತ್ತು, ದಂಡ ಕಟ್ಟಿದೆವು. ಮರಣ ಪತ್ರ, ವಂಶವೃಕ್ಷ, ಅಮೆರಿಕದ ಮಗನ ಒಪ್ಪಿಗೆ ಪತ್ರ, ಎಲ್ಲ ಸೇರಿಸಿ ಅಮ್ಮನವರ ಹೆಸರಿಗೆ ಮಾಡಿಸಿ, ವಿಮೆಯನ್ನೂ ಬದಲಿಸುವವರೆಗೆ ಗಾಡಿಯನ್ನು ಗೇಟಿನಿಂದ ಆಚೆ ಬಿಡಲಿಲ್ಲ.

ಕೊಂಡವರು ಶಿವಮೊಗ್ಗದ ದಂತವೈದ್ಯರು. ಬಂದವರೇ ಕಾರಿನ ಸುತ್ತ ಒಂದು ಸುತ್ತು ಹಾಕಿ, ಚಾಪೆ ಕೇಳಿ ಪಡೆದು ಅಡಿಗೆ ಮಲಗಿದರು. ಸ್ಕ್ರೂಡ್ರೈವರಿನ ಹಿಡಿಯಿಂದ ಚಾಸಿಯ ಪಕ್ಕದ ತೋಳುಗಳನ್ನು ಹಲ್ಲು ತಟ್ಟುವಂತೆ ಒಂದೊಂದಾಗಿ ತಟ್ಟಿದರು. ಗಟ್ಟಿ ತಗಡು ಟಣ್ ಎನ್ನುತ್ತದೆ, ತುಕ್ಕು ತಿಂದದ್ದು ಒಣ ಕುಂಬಳಕಾಯಿಯಂತೆ ಬೊದ್ದು. ಎಲ್ಲವೂ ಟಣ್ ಎಂದವು. ಒಳಗೆ ಇಣುಕಿ ಹಿಂದಿನ ಸೀಟನ್ನು ಗೇಣಿನಿಂದ ಅಳೆದರು. ಟಾಪಿನ ಕಟ್ಟು ಮಡಚಿ ಕೂರಲು ಜಾಗ ಬೇಕಲ್ಲ, ಅದಕ್ಕೆ ನಿಜವಾದ ಓಪನ್ ಗಾಡಿಯಲ್ಲಿ ಸೀಟು ಕಿರಿದು. ಆಮೇಲೆ ಕೇಳಿದರು:

"ಟ್ರನಿಯನ್ನಿಗೆ ಏನು ಹಾಕುತ್ತಿದ್ದರು?"

ಮುಂದಿನ ಚಕ್ರ ತಿರುಗುವ ಬುಡದಲ್ಲಿ, ಕೆಳಗಡೆ ಇರುವ, ಒಳಗೆ ತಿರುಪು ಕೊರೆದ ಕಂಚಿನ ತುಂಡು ಅದು. ಅದಕ್ಕೆ ಬೇಕಾದದ್ದು ಗೇರ್ ಆಯಿಲ್. ಅಲ್ಲಿರುವ ನಿಪ್ಪಲ್ ನೋಡಿದರೆ ಯಾವ ಮೆಕ್ಯಾನಿಕ್ಕಿಗೂ ಗ್ರೀಸ್ ಹೊಡೆಯುವ ಮನಸ್ಸಾಗುತ್ತದೆ. ಗ್ರೀಸ್ ತಿರುಪಿನ ಒಳಗೆ ಇಳಿಯದೆ ಗಟ್ಟಿಯಾಗುತ್ತದೆ, ಒಳಗೆ ನೀರು ನಿಂತು ಉಕ್ಕು ಸವೆಯುತ್ತದೆ. ಕೊನೆಗೊಂದು ದಿನ ತಿರುವಿನಲ್ಲಿ ಚಕ್ರ ಮಡಚಿ ಬೀಳುತ್ತದೆ. ನಾನು ಫೈಲು ತೆಗೆಯುವಷ್ಟರಲ್ಲಿ ಅಮ್ಮನವರೇ, "ತೊಂಬತ್ತರ ಎಣ್ಣೆ. ಯುಗಾದಿಗೊಮ್ಮೆ, ದಸರೆಗೊಮ್ಮೆ" ಎಂದರು. ವೈದ್ಯರು ಚಾಪೆಯ ಮೇಲೆ ಎದ್ದು ಕುಳಿತರು. ಆ ಕ್ಷಣದಲ್ಲಿ ಗಾಡಿ ಮಾರಾಟವಾಯಿತು ಎಂದು ನನಗೆ ಗೊತ್ತಾಯಿತು, ಬೆಲೆಯ ಮಾತು ಇನ್ನೂ ಶುರುವಾಗಿರಲಿಲ್ಲ.

"ಟಾಪು ಮಡಚುವುದು ತೋರಿಸುತ್ತೇನೆ, ಬನ್ನಿ" ಎಂದು ಅಮ್ಮನವರು ಮುಂದೆ ಬಂದರು. ಗಾಜಿನ ಮೇಲಿನ ಎರಡು ಕೊಕ್ಕೆ ಬಿಡಿಸಿ, ಕಟ್ಟನ್ನು ಅರ್ಧ ಎತ್ತಿ, ಪ್ಲಾಸ್ಟಿಕ್ ಕಿಟಕಿಯನ್ನು ಹಾಸಿಗೆಯ ಹೊದಿಕೆಯಂತೆ ಎರಡೂ ಕೈಯಿಂದ ಚಪ್ಪಟೆ ಮಾಡಿದರು. ಅದರ ಮೇಲೆ ಹಳೆಯ ವಾಯಿಲ್ ಸೀರೆಯ ತುಂಡು ಹಾಸಿ, ಆಮೇಲಷ್ಟೇ ಪೂರ್ತಿ ಮಡಚಿದರು. ಬಟ್ಟೆ ಇಲ್ಲದಿದ್ದರೆ ಕಿಟಕಿ ತನ್ನನ್ನೇ ಉಜ್ಜಿಕೊಂಡು ಕುರುಡಾಗುತ್ತದೆ. "ಮಳೆಯಲ್ಲಿ ನೆಂದಿದ್ದರೆ ಮಡಚಬೇಡಿ, ಬೂಸ್ಟು ಹಿಡಿಯುತ್ತದೆ. ಎಷ್ಟು ಹೇಳಿದರೂ ಅವರು ಕೇಳುತ್ತಿರಲಿಲ್ಲ, ಆ ಮಸುಕು ಅದರದೇ" ಎಂದರು. ಜಾಹೀರಾತಿನಲ್ಲಿ ನಾನು ಬರೆದ ಬೆರಳುದ್ದದ ದೋಷಕ್ಕೆ ಅದುವರೆಗೆ ಕಾರಣ ಗೊತ್ತಿರಲಿಲ್ಲ.

ವೈದ್ಯರಿಗೆ ವಿಂಟೇಜ್ ನೋಂದಣಿ ಮಾಡಿಸುವ ಆಸೆಯಿತ್ತು. 2021ರ ನಿಯಮದ ಪ್ರಕಾರ ಐವತ್ತು ವರ್ಷ ದಾಟಿದ, ಹೆಚ್ಚು ಬದಲಾವಣೆ ಇಲ್ಲದ ಗಾಡಿಗೆ ಅದು ಸಿಗುತ್ತದೆ, ಮೊದಲೇ ನೋಂದಣಿ ಆಗಿರುವ ಗಾಡಿ ತನ್ನ ಹಳೆಯ ನಂಬರನ್ನೂ ಉಳಿಸಿಕೊಳ್ಳಬಹುದು. ಆದರೆ ಆಮೇಲೆ ರ‍್ಯಾಲಿಗೋ ಪ್ರದರ್ಶನಕ್ಕೋ ರಿಪೇರಿಗೋ ಪೆಟ್ರೋಲಿಗೋ ಮಾತ್ರ ರಸ್ತೆಗೆ ಇಳಿಸಬಹುದು. ಭಾನುವಾರ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ತೀರ್ಥಹಳ್ಳಿಗೆ ಹೋಗುವ ಯೋಚನೆ ಇದ್ದರೆ ಈಗಿರುವ ನೋಂದಣಿಯಲ್ಲೇ ಎಫ್‌ಸಿ ಮಾಡಿಸುತ್ತ ಇರಿ ಎಂದೆ. ಇದರಿಂದ ನನಗೆ ಸಿಗಬೇಕಿದ್ದ ಒಂದು ಸಣ್ಣ ಕೆಲಸ ತಪ್ಪಿತು.

ಬೆಲೆ ಅಮ್ಮನವರು ಹೇಳಿದ್ದಕ್ಕಿಂತ ಸ್ವಲ್ಪವೇ ಕಡಿಮೆಗೆ ಕುದುರಿತು. ಕಡಿಮೆಯಾದದ್ದು ಹೆಚ್ಚುಕಡಿಮೆ ನನ್ನ ಕಪ್ಪು ಪೇಂಟು ತೆಗೆಸುವ ಖರ್ಚು, ಅದನ್ನು ನನ್ನ ಕಮಿಷನ್ನಿನಲ್ಲೇ ಹಿಡಿದುಕೊಂಡೆ. ಫಾರಂಗೆ ಅಂಟಿಸಲು ಚಾಸಿ ನಂಬರಿನ ಪೆನ್ಸಿಲ್ ಅಚ್ಚು ತೆಗೆಯಬೇಕಿತ್ತು. ಪ್ಲೇಟಿನ ಮೇಲೆ ತೆಳ್ಳನೆ ಕಾಗದ ಇಟ್ಟು ಪೆನ್ಸಿಲ್ ಆಡಿಸಿದಾಗ ಸಿವಿ ಎಲ್ಲಕ್ಕಿಂತ ಸ್ಪಷ್ಟವಾಗಿ ಮೂಡಿತು. ಅಷ್ಟು ಹತ್ತಿ ಖರ್ಚು ಮಾಡಿದ್ದು ಅಲ್ಲೇ ತಾನೆ. ಫೈಲಿನ ಜೊತೆ ಸೀರೆಯ ತುಂಡನ್ನೂ ವೈದ್ಯರು ಕೇಳಿದರು. "ಅದು ಬೇಡ, ನಿಮ್ಮ ಮನೆಯವರದ್ದು ಹಾಕಿಕೊಳ್ಳಿ" ಎಂದು ಅಮ್ಮನವರು ಮಡಚಿ ಒಳಗೆ ಇಟ್ಟುಕೊಂಡರು.

ಹೆರಾಲ್ಡಿಗೆ ತಿರುಗಲು ಇಪ್ಪತ್ತೈದು ಅಡಿ ಸಾಕು. ಆ ಇಕ್ಕಟ್ಟಿನ ಅಡ್ಡರಸ್ತೆಯಲ್ಲಿ ನಿಂತಿದ್ದ ಆಟೋದವನು ನೋಡುತ್ತಿದ್ದಂತೆಯೇ, ವೈದ್ಯರು ಹಿಂದೆ ಮುಂದೆ ಮಾಡದೆ ಒಂದೇ ಏಟಿಗೆ ತಿರುಗಿಸಿಕೊಂಡು ಹೋದರು.

ರೇಡಿಯೊ ಇನ್ನೂ ಎಸ್‌.ಪಿ. ರಸ್ತೆಯ ಮೇಸ್ತ್ರಿಯ ಹತ್ತಿರವೇ ಇದೆ. ಅದಕ್ಕೆ ಆ ಕಾಲದ ಜರ್ಮೇನಿಯಂ ಟ್ರಾನ್ಸಿಸ್ಟರ್ ಬೇಕಂತೆ, ಒಂದು ಸಿಕ್ಕಿದೆ, ಇನ್ನೆರಡು ಸಿಗಬೇಕು. ವೈದ್ಯರು ತಿಂಗಳಿಗೊಮ್ಮೆ ಫೋನ್ ಮಾಡಿ ವಿಚಾರಿಸುತ್ತಾರೆ. ಅಮ್ಮನವರು ವಾರಕ್ಕೊಮ್ಮೆ.