ಏಳನೇ ನಂಬರ್ ಫಾರಂ

ನಿನ್ನೆ ಅಟ್ಟ ಗುಡಿಸುವಾಗ ಅಜ್ಜನ ತಗಡಿನ ಪೆಟ್ಟಿಗೆ ಸಿಕ್ಕಿತು. ಒಳಗೆ ಭೂ ನ್ಯಾಯಮಂಡಳಿಗೆ ಕೊಟ್ಟ 7ನೇ ನಂಬರ್ ಫಾರಂನ ನಕಲು, ಅಂದ್ರೆ ಗೇಣಿಗೆ ಉಳುತ್ತಿದ್ದ ಹೊಲವನ್ನು ತನ್ನ ಹೆಸರಿಗೆ ಮಾಡಿಕೊಡಿ ಅಂತ ಕೇಳುವ ಅರ್ಜಿ. ಮಡಿಕೆಯಲ್ಲೆಲ್ಲ ಹರಿದಿದೆ, ಒಂದು ಮೂಲೆ ಇಲಿ ತಿಂದಿದೆ. ಕೆಳಗೆ ಅಜ್ಜನ ಹೆಬ್ಬೆಟ್ಟು ಮಾತ್ರ ಇನ್ನೂ ಕಡುನೀಲಿ.

ನಮ್ಮ ಕಡೆ ಇದಕ್ಕೆ ‘ಡಿಕ್ಲರೇಶನ್ ಕೊಡೋದು’ ಅಂತಲೇ ಹೆಸರು. ‘ಉಳುವವನೇ ಹೊಲದೊಡೆಯ’ ಅಂತ ಕೂಗೋದು ಸುಲಭ, ಅಲ್ವಾ? 1974ರಲ್ಲಿ ಮುಖ್ಯಮಂತ್ರಿ ದೇವರಾಜ ಅರಸು ಕೂಗಿಗೆ ನಿಲ್ಲಿಸಲಿಲ್ಲ. ಗೇಣಿದಾರರ ಅರ್ಜಿಗಳನ್ನು ಕೋರ್ಟಿನ ಪಾಲು ಮಾಡದೆ, ತಾಲ್ಲೂಕು ಮಟ್ಟದಲ್ಲೇ ನ್ಯಾಯಮಂಡಳಿ ಕೂರಿಸಿದರು. ಅಸಿಸ್ಟೆಂಟ್ ಕಮಿಷನರ್ ಅಧ್ಯಕ್ಷರು, ಜೊತೆಗೆ ಸರ್ಕಾರವೇ ನೇಮಿಸಿದ ನಾಲ್ವರು ಸದಸ್ಯರು. ವಕೀಲರಿಗೆ ಪ್ರವೇಶವಿಲ್ಲ! ಆ ಒಂದು ಸಾಲಿನಲ್ಲೇ ಇದ್ದದ್ದು ಜಾಣತನ. ಕರಿಕೋಟು ಬಂದರೆ ದುಡ್ಡಿದ್ದ ಧಣಿಯೇ ಗೆಲ್ಲುತ್ತಿದ್ದ.

ನೇಮಕ ಸರ್ಕಾರದ ಕೈಲಿ ಇದ್ದಮೇಲೆ ಪಕ್ಷದವರಿಗೂ ಕುರ್ಚಿ ಸಿಕ್ಕಿತು, ಅದನ್ನು ಸುಮ್ನೆ ಮುಚ್ಚಿಡೋದು ಬೇಡ. ಅರಸು ಸಂತರೇನಲ್ಲ. ಆದರೆ ಆ ಕುರ್ಚಿಯ ಆಸೆಯೇ ಎಷ್ಟೋ ಕಡೆ ಕಡತವನ್ನು ಮುಂದಕ್ಕೆ ತಳ್ಳಿರಬೇಕು ಅಂತ ನನಗೆ ಅನ್ನಿಸುತ್ತೆ.

ಅಜ್ಜನಿಗೆ ಸಿಕ್ಕಿದ್ದು ಎರಡು ಎಕರೆ. ಧಣಿಗಳ ಮನೆ ಮುಂದೆ ಹೋಗುವಾಗ ಆಮೇಲೂ ಚಪ್ಪಲಿ ಕೈಯಲ್ಲೇ ಇರುತ್ತಿತ್ತಂತೆ.

ಅಮ್ಮ ಫಾರಂ ನೋಡಿ, “ಲ್ಯಾಮಿನೇಶನ್ ಮಾಡಿಸ್ಕೊಂಡು ಬಾ” ಅಂದಳು. ಸಂಜೆ ಪೇಟೆಗೆ ಹೋಗಬೇಕು.